ಮುದುಕಪ್ಪ ಲಾಗು ಕಾದದ್ದು

ಚಹಾ ಆಮೇಲೆ ಬರಲಿ, ಮೊದಲು ಮುದುಕಪ್ಪ ಬರಲಿ. ಹೆಸರು ಮುದುಕಪ್ಪ ಅಂದ ಮಾತ್ರಕ್ಕೆ ನನ್ನಂಥ ಪೆನ್ಶನ್ ಗಿರಾಕಿ ಅಂದುಕೊಳ್ಳಬೇಡಿ. ಅದು ಅಜ್ಜನ ಹೆಸರು. ಹುಡುಗನಿಗೆ ಮೀಸೆ ಈಗಷ್ಟೇ ಬಂದಿತ್ತು, ಬುದ್ಧಿ ಮಾತ್ರ ಇನ್ನೂ ದಾರಿಯಲ್ಲಿತ್ತು.

ಗದಗದ ಒಂದು ಓಣಿಯಲ್ಲಿ ಅವನ ತಾಯಿ ಶಂಕ್ರವ್ವನದು ರೊಟ್ಟಿ ಮನೆ. ಹತ್ತು ಮಂದಿ ಹೆಂಗಸರು ಒಲೆ ಮುಂದೆ ಸಾಲಾಗಿ ಕೂತು ಪಟ ಪಟ, ಪಟ ಪಟ ಅಂತ ಜೋಳದ ರೊಟ್ಟಿ ಬಡಿಯುತ್ತಿದ್ದರು. ಆರ್ಡರು ಬರುತ್ತಿದ್ದದ್ದು ವೆಬ್‌ಸೈಟಿನಲ್ಲಿ! ಹೌದ್ರೀ, ನಗಬೇಡಿ. ಶಂಕ್ರವ್ವನ ಅಕ್ಕನ ಮಗಳು ವಿಶಾಲಾ ಧಾರವಾಡದ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವಳು, ಅವಳೇ ಕಟ್ಟಿಕೊಟ್ಟದ್ದು. ಸೈಟು ಇದ್ದದ್ದು ಕ್ಲೌಡಿನಲ್ಲಿ. ಅಂದರೆ ಎಲ್ಲೋ ದೂರದೂರಲ್ಲಿ, ಬೇರೆಯವರ ಕಂಪ್ಯೂಟರಿನೊಳಗೆ, ಬಾಡಿಗೆಗೆ.

ಒಂದು ದಿನ ಓಣಿಯ ತುದಿಯ ಹಾಸ್ಟೆಲಿನಿಂದ ವಾರ್ಡನ್ ಬಳಿಗಾರ ಮಾಸ್ತರರು ಉರಿದುಕೊಂಡು ಬಂದರು.

“ಶಂಕ್ರವ್ವಾ, ಸೈಟಿನಾಗ ಆರ್ಡರ್ ಹಾಕೀನಿ, ರೊಟ್ಟಿ ಬಂದಿಲ್ಲ! ಇದು ಎರಡನೇ ಸಲ! ಹುಡುಗ್ರು ತಾಟು ಬಡದು ಹಾಸ್ಟೆಲ್ ಹಾರಿಸ್ಯಾರ!”

“ನಮಗ ಆರ್ಡರ್ ಬಂದೇ ಇಲ್ರೀ ಯಪ್ಪಾ!”

“ಇನ್ನೊಮ್ಮೆ ತಪ್ಪಿತಂದ್ರ ಮಷೀನ್ ರೊಟ್ಟಿ ತರಸ್ತೀನಿ. ಹೇಳಿಲ್ಲ ಅನಬ್ಯಾಡ!”

ಹಾಸ್ಟೆಲು ಕೈಬಿಟ್ಟರೆ ಅರ್ಧ ಒಲೆ ಆರಿದವು ಅಂತಲೇ ಲೆಕ್ಕ. ಐದು ಹೆಂಗಸರನ್ನು ಮನೆಗೆ ಕಳಿಸಬೇಕು. ಯಾರನ್ನು ಕಳಿಸುವುದು? ಗಂಡ ಹಾಸಿಗೆ ಹಿಡಿದ ನಿಂಗವ್ವನನ್ನೇ? ಶಂಕ್ರವ್ವ ಗಾಬರಿಯಾಗಿ ವಿಶಾಲಾಗೆ ಫೋನು ಹಚ್ಚಿದಳು.

“ಚಿಗವ್ವಾ, ಆರ್ಡರ್ ಎಲ್ಲಿ ಎಡವತದ ಅಂತ ಗೊತ್ತಾಗಬೇಕಂದ್ರ ಲಾಗ್ ಚಾಲೂ ಮಾಡಬೇಕು. ಯಾರು ಬಂದ್ರು, ಏನು ಕೇಳಿದ್ರು, ಎಲ್ಲಿ ತಪ್ಪಾತು, ಸೈಟು ತಾನs ಸಾಲಿಗೆ ಸಾಲು ಬರದಿಡತದ. ಕನ್ನಡದಾಗ ಬರಿಯೂ ಹಂಗ ಮಾಡೀನಿ. ನನಗಿಲ್ಲಿ ಪರೀಕ್ಷಾ ನಡದಾವ, ಮುದುಕಪ್ಪ ನೋಡ್ಕೊಳ್ಳಿ.”

“ಮುದುಕಪ್ಪನ? ಬಾಗಲಾ ಹಾಕ್ಕೋ ಅಂದ್ರ ತಾ ಹೊರಗ ನಿಂತು ಹಾಕ್ಕೋತಾನವಾ ಅಂವ!”

“ಹೇಳಿದ್ದು ಹೇಳಿದಂಗ ಮಾಡ್ತಾನಲ್ಲ, ಅಷ್ಟ ಸಾಕು.”

ಆಹಾ! ಆ ಮಾತು ಹೇಳಬಾರದಿತ್ತು ನೋಡಿ.

“ತಮ್ಮಾ,” ಅಂದಳು ವಿಶಾಲಾ, “ಲಾಗ್ ಹಚ್ಚು. ಎಲ್ಲಾ ಬರೀಲಿ.”

ಪರದೆಯ ಮೇಲೆ ‘ತಪ್ಪು ಮಾತ್ರ’ ಅಂತಿತ್ತು, ‘ಮುಖ್ಯವಾದದ್ದು’ ಅಂತಿತ್ತು, ‘ಎಲ್ಲಾ’ ಅಂತಲೂ ಇತ್ತು. ಮುದುಕಪ್ಪ ‘ಎಲ್ಲಾ’ ಒತ್ತಿದ. ಸೈಟು ಬರೆಯತೊಡಗಿತು. ಒಬ್ಬ ಬಂದ. ರೊಟ್ಟಿಯ ಚಿತ್ರ ನೋಡಿದ. ಒಂದಕ್ಷರ ಒತ್ತಿದ. ಅದನ್ನು ಅಳಿಸಿದ. ಮತ್ತೊಂದು ಒತ್ತಿದ. ಬರೆದೂ ಬರೆದೂ ಸಂಜೆಗೆ ಬಾಡಿಗೆಯ ಜಾಗವೆಲ್ಲ ತುಂಬಿ, ಆರ್ಡರಿಗೆ ಕಾಲಿಡಲು ಎಡೆಯಿಲ್ಲದೆ ಸೈಟು ಕಣ್ಣು ಮುಚ್ಚಿತು!

“ಮುದುಕ್ಯಾ! ಏನ್ ಮಾಡಿದ್ಯೋ?”

“ಅಕ್ಕ ಎಲ್ಲಾ ಬರೀಲಿ ಅಂದ್ಲು, ಯವ್ವಾ.”

“ನಿನ್ನ ತಲಿ! ಎಲ್ಲಾ ಛಲೋ ಇದ್ದಾಗ ಬಾಯಿ ಮುಚ್ಕೊಂಡಿರಬೇಕು. ತಪ್ಪಾದಾಗಷ್ಟ ಬಾಯಿ ಬಿಡಬೇಕು!”

“ಆತು ಯವ್ವಾ, ಇನ್ಮ್ಯಾಲೆ ಹಂಗ ಮಾಡ್ತೀನಿ.”

ವಿಶಾಲಾ ಧಾರವಾಡದಿಂದಲೇ ಕಸ ಗುಡಿಸಿ, ‘ತಪ್ಪು ಮಾತ್ರ’ ಅನ್ನುವುದನ್ನು ಒತ್ತಿಟ್ಟಳು. ಅಷ್ಟರಲ್ಲಿ ಮಾಸ್ತರರಿಗೆ ಸೈಟಿನ ಮೇಲೆ ನಂಬಿಕೆ ಹೋಗಿ ಮರುದಿನದ ರೊಟ್ಟಿಯನ್ನು ಬಾಯಿಮಾತಿನಲ್ಲೇ ಹೇಳಿದ್ದರು. ಬೆಳಿಗ್ಗೆ ಶಂಕ್ರವ್ವ ಗಿರಣಿಗೆ ಹೋದಾಗ ಅವರ ಫೋನು ಬಂತು.

“ಮುದುಕಪ್ಪಾ, ರೊಟ್ಟಿ ತಯಾರಾದಾವೇನೋ?”

ರೊಟ್ಟಿ ತಯಾರಾಗಿ ಬುಟ್ಟಿಯಲ್ಲಿದ್ದವು. ಎಲ್ಲಾ ಛಲೋ ಇತ್ತು. ಮುದುಕಪ್ಪ ಬಾಯಿ ಮುಚ್ಚಿಕೊಂಡ.

“ಹಲೋ? ಹಲೋ! ಏನರೆ ಆಗೇದೇನೋ?”

ಏನೂ ಆಗಿರಲಿಲ್ಲ. ಮುದುಕಪ್ಪ ಇನ್ನೂ ಬಿಗಿಯಾಗಿ ಮುಚ್ಚಿಕೊಂಡ.

“ಲೇ, ಜೀವಂತ ಅದಿಯೋ ಇಲ್ಲೋ?”

ಜೀವಂತ ಇದ್ದ. ಅದಕ್ಕೇ ಸುಮ್ಮನಿದ್ದ! ಮಾಸ್ತರರು ಮುಖಕ್ಕೆ ಹಚ್ಚಿದ ಸೋಪಿನ ನೊರೆ ಸಮೇತ ಸ್ಕೂಟರ್ ಏರಿ ಬಂದರು.

“ಅಲ್ಲೋ ಹುಚ್ಚಪ್ಪಾ,” ಗಿರಣಿಯಿಂದ ಬಂದ ಶಂಕ್ರವ್ವ ಒದರಿದಳು, “ಕೇಳಿದವರಿಗೆ ಹೇಳಬೇಕು! ಏನಾತು, ಯಾವಾಗಾತು, ಒಂದೂ ಮುಚ್ಚಿಡದ ಹೇಳಬೇಕು!”

“ಆತು ಯವ್ವಾ, ಇನ್ಮ್ಯಾಲೆ ಹಂಗ ಮಾಡ್ತೀನಿ.”

ಮರುದಿನ ಮಾಸ್ತರರು ಓಣಿಯಲ್ಲಿ ಸಿಕ್ಕು, ಪಾಪ, ಸೌಜನ್ಯಕ್ಕೆ ಕೇಳಿದರು: “ಏನಪಾ, ಹೆಂಗ ನಡದದ ಕೆಲಸ?”

“ಆರಕ್ಕ ಯವ್ವ ಒಲಿ ಹಚ್ಚಿದ್ಲು. ಆರೂವರಿಗೆ ಹಿಟ್ಟಿಗೆ ಎಸರು ಹೊಯ್ದ್ಲು. ಏಳಕ್ಕ ನಿಂಗವ್ವ ಸೀನಿದ್ಲು. ಆಮ್ಯಾಲೆ ಒಂದು ರೊಟ್ಟಿ ನೆಲಕ್ಕ ಬಿತ್ತು. ಊದಿ ಬುಟ್ಟಿಗೆ ಹಾಕಿದ್ರು. ಏಳೂವರಿಗೆ ಯವ್ವ, ‘ಆ ಬಳಿಗಾರ ಮಾಸ್ತರ ಮಾರಿ ನೋಡ್ರೆವಾ, ಹೊತ್ತಿದ ರೊಟ್ಟಿ ಹಂಗದ’ ಅಂದ್ಲು. ಎಲ್ಲಾರೂ ನಕ್ರು. ಎಂಟಕ್ಕ...”

ಎಂಟಕ್ಕೆ ಏನಾಯಿತೆಂದು ಕೇಳಲು ಮಾಸ್ತರರು ನಿಲ್ಲಲಿಲ್ಲ.

ಶಂಕ್ರವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. “ನನ್ನ ಮಾನಾ ಕಳದ್ಯಲ್ಲೋ! ಮುಂಜಾನಿಂದ ಆದದ್ದೆಲ್ಲಾ ಯಾರಿಗೆ ಬೇಕಾಗೇದ? ಕಡೀದಷ್ಟ ನೋಡಬೇಕು!”

ಫೋನಿನಲ್ಲಿ ವಿಶಾಲಾಳೂ ದನಿಗೂಡಿಸಿದಳು: “ಲಾಗಿನಾಗೂ ಹಂಗs, ತಮ್ಮಾ. ಮ್ಯಾಲಿಂದ ಓದಬ್ಯಾಡ. ಕಡೀದು ನೋಡು, ಮೊದಲಿನವೆಲ್ಲಾ ಬಿಡು.”

“ಆತು ಅಕ್ಕಾ, ಇನ್ಮ್ಯಾಲೆ ಹಂಗ ಮಾಡ್ತೀನಿ.”

ಮಧ್ಯಾಹ್ನ ಹಾಸ್ಟೆಲಿಗೆ ರೊಟ್ಟಿ ಒಯ್ದ. ಹುಡುಗರು ತಾಟು ಹಿಡಿದು ಉದ್ದಕ್ಕೆ ಪಾಳಿ ನಿಂತಿದ್ದರು. “ಬಡಿಸೋ!” ಅಂದರು ಮಾಸ್ತರರು. ಮುದುಕಪ್ಪ ಮೊದಲನೆಯವನನ್ನು ಬಿಟ್ಟ, ಎರಡನೆಯವನನ್ನು ಬಿಟ್ಟ, ಎಲ್ಲರನ್ನೂ ಬಿಟ್ಟ. ಪಾಳಿಯ ಕೊನೆಯಲ್ಲೊಬ್ಬ ಬಡಕಲು ಹುಡುಗ ನಿಂತಿದ್ದ. ಇಡೀ ಬುಟ್ಟಿಯನ್ನು ಅವನ ತಾಟಿನ ಮೇಲೆ ಬೋರಲು ಹಾಕಿದ! ರೊಟ್ಟಿಯ ಗುಡ್ಡದೊಳಗೆ ಹುಡುಗ ಕಾಣಲೇ ಇಲ್ಲ.

“ಶಂಕ್ರವ್ವಾ,” ಖಾಲಿ ಬುಟ್ಟಿ ಹಿಡಿದು ಮಾಸ್ತರರೇ ರೊಟ್ಟಿ ಮನೆಗೆ ಬಂದರು, “ನಾಳೆ ನಮ್ಮ ಹಾಸ್ಟೆಲ್ ದಿನಾಚರಣಿ. ನಿನ್ನ ಮಗಗ ಹೇಳೂದಕಿಂತ ಸೈಟs ಛಲೋ, ಇವತ್ತು ಸಂಜಿಗೆ ಅದರಾಗs ಆರ್ಡರ್ ಹಾಕ್ತೀನಿ. ನಾಳೆ ಮುಂಜಾನೆ ಎಂಟಕ್ಕ ರೊಟ್ಟಿ ಇರಲಿಲ್ಲಂದ್ರ ನಿಮ್ಮ ನಮ್ಮ ನಂಟು ಮುಗೀತು.”

ಶಂಕ್ರವ್ವನಿಗೆ ಬೈಯಲೂ ಶಕ್ತಿ ಉಳಿದಿರಲಿಲ್ಲ. ಆದರೂ ಬೈದಳು, ತಾಯಿ ಅಲ್ಲವೇ!

“ನೀ ಎಲ್ಲಿಗೂ ಹೋಗಬ್ಯಾಡ! ಲಾಗ್ ಮುಂದ ಕೂಡು, ಕಣ್ಣು ಕೀಳಬ್ಯಾಡ. ತಪ್ಪಾದ್ರ ಕೆಂಪು ಸಾಲು ಬರತದಂತ. ಕೆಂಪು ಕಂಡ್ರ ಓಣಿಗೆಲ್ಲಾ ಕೇಳೂ ಹಂಗ ಒದರು!”

“ಆತು ಯವ್ವಾ, ಇನ್ಮ್ಯಾಲೆ ಹಂಗ ಮಾಡ್ತೀನಿ.”

ಕೂತ. ಮೂಗಿನ ಮೇಲೆ ನೊಣ ಕೂತಿತು, ಓಡಿಸಲಿಲ್ಲ. ಚಹಾ ತಂದಿಟ್ಟರು, ಆರಿ ಕೆನೆ ಕಟ್ಟಿತು, ನೋಡಲಿಲ್ಲ. ಸಂಜೆಯ ಹೊತ್ತಿಗೆ ಬಂತು ನೋಡಿ ಕೆಂಪು ಸಾಲು! ಅರ್ಥ ತಿಳಿಯಿತೋ ಬಿಟ್ಟಿತೋ, ಮುದುಕಪ್ಪ ಬೀದಿಗೆ ಜಿಗಿದು ಇದ್ದದ್ದನ್ನು ಇದ್ದ ಹಾಗೇ ಒದರಿದ:

“ತಪ್ಪು! ಹಾಸ್ಟೆಲ್ ಆರ್ಡರ್ ತಗೊಂಡಿಲ್ಲ! ಎಷ್ಟು ರೊಟ್ಟಿ ಅನ್ನೂ ಜಾಗಾದಾಗ ಅಂಕಿ ಬೇಕು! ಬಂದದ್ದು ‘ಐದು ಬುಟ್ಟಿ’! ನಾಳೆ ಎಂಟಕ್ಕ!”

ಒಲೆಗಳ ಮುಂದೆ ಹತ್ತು ಜೊತೆ ಕೈಗಳು ನಿಂತವು.

“ಐದು ಬುಟ್ಟೀನ?” ಅಂದಳು ನಿಂಗವ್ವ. “ಅಯ್ಯ! ಮಾಸ್ತರ ಯಾವತ್ತೂ ಕೇಳೂದ ಬುಟ್ಟಿ ಲೆಕ್ಕದಾಗಲ್ಲೇನ!”

ಗೊತ್ತಾಯಿತಲ್ಲ? ಮನೆಗೆ ಒಯ್ಯುವವರು ಹತ್ತು, ಇಪ್ಪತ್ತು ಅಂತ ರೊಟ್ಟಿ ಎಣಿಸುತ್ತಾರೆ. ಮದುವೆ ಮನೆ, ಹಾಸ್ಟೆಲು, ಮಠ, ಇವರೆಲ್ಲ ಯಾವತ್ತಾದರೂ ಎಣಿಸಿದ್ದುಂಟೇ? ಬುಟ್ಟಿ ಅಂದರೆ ಬುಟ್ಟಿ! ಮಾಸ್ತರರು ಅದನ್ನೇ ಬರೆಯುತ್ತಿದ್ದರು, ಅಂಕಿಯನ್ನಷ್ಟೇ ಬಲ್ಲ ಸೈಟು ಅದನ್ನು ತಿಪ್ಪೆಗೆ ಎಸೆದು ಮುಖ ಒರೆಸಿಕೊಂಡು ಕೂರುತ್ತಿತ್ತು. ವಿಶಾಲಾಗೆ ಅದು ಹೊಳೆದಿರಲಿಲ್ಲ. ನಾನೂ ಡಿಗ್ರಿ ಮಾಡಿದವನೇ, ನನಗೂ ಹೊಳೆಯುತ್ತಿರಲಿಲ್ಲ ಬಿಡಿ.

ನಸುಕಿನಲ್ಲೇ ಒಲೆ ಹೊತ್ತಿಸಿ “ಬಡೀರೆವಾ!” ಅಂದಳು ಶಂಕ್ರವ್ವ. ಪಟ ಪಟ! ಪಟ ಪಟ! ಓಣಿಯೇ ಕುಣಿಯಿತು.

ಬೆಳಿಗ್ಗೆ ಮಾಸ್ತರರು ಮಷೀನ್ ರೊಟ್ಟಿಯವನ ನಂಬರನ್ನು ಜೇಬಿನಲ್ಲಿಟ್ಟುಕೊಂಡೇ ಬಂದರು. ಬಾಗಿಲಲ್ಲಿ ಐದು ಬುಟ್ಟಿ! ಬಿಳಿ ಬಟ್ಟೆ ಮುಚ್ಚಿ, ಬಿಸಿ ಬಿಸಿ! ಮಾಸ್ತರರು ಚೀಟಿ ತೆಗೆದು ನಿಂಗವ್ವನ ಒಲೆಗೆ ಹಾಕಿದರು. ಧಾರವಾಡದಿಂದ ವಿಶಾಲಾ ನಗುತ್ತಾ ಸೈಟಿನಲ್ಲಿ ಬುಟ್ಟಿಗೂ ಒಂದು ಜಾಗ ಮಾಡಿದಳು. ಶಂಕ್ರವ್ವ ಮಗನ ಗಲ್ಲ ಸವರಿ, ದೃಷ್ಟಿಯಾಗದಿರಲೆಂದು ಲಟಿಗೆ ಮುರಿದಳು.

“ನನ ರಾಜಾ! ಇನ್ಮ್ಯಾಲೂ ಹಿಂಗs ಮಾಡು. ಕೆಂಪು ಕಂಡ್ರ ಬಿಡಬ್ಯಾಡ!”

“ಆತು ಯವ್ವಾ, ಇನ್ಮ್ಯಾಲೂ ಹಿಂಗs ಮಾಡ್ತೀನಿ.”

ಮಧ್ಯಾಹ್ನ ದಿನಾಚರಣೆಯ ಊಟಕ್ಕೆ ತಾಯಿ ಮಗ ಇಬ್ಬರಿಗೂ ಮೊದಲ ಸಾಲಿನಲ್ಲಿ ಜಾಗ. ಮುದುಕಪ್ಪನಿಗೆ ಶಾಲು, ಚಪ್ಪಾಳೆ, ಹುಡುಗರ ಸಿಳ್ಳೆ! ಶಂಕ್ರವ್ವನ ಕಣ್ಣು ತುಂಬಿ ಬಂದವು. ತಾಟು ಹಾಕಿದರು. ರೊಟ್ಟಿ ಬಂತು, ಎಣ್ಣೆಗಾಯಿ ಬಂತು, ಮೊಸರು ಬಂತು. ಆಮೇಲೆ ಬಂತು ಹಸಿ ಕೆಂಪು ಮೆಣಸಿನಕಾಯಿಯ ರಂಜಕ. ತಾಟಿಗೊಂದು ಚಮಚೆ, ಸಾಲಿನ ಉದ್ದಕ್ಕೂ ಕೆಂಪು!

ಮುದುಕಪ್ಪ ಶಾಲು ಸಮೇತ ಬೀದಿಗೆ ಜಿಗಿದ.

“ತಪ್ಪು! ಹಾಸ್ಟೆಲಿನಾಗ ತಪ್ಪು! ತಾಟಿಗೊಂದು ತಪ್ಪು!”

ಓಣಿಯಲ್ಲಿ ಕೈ ತೊಳೆದು ಕೂತಿದ್ದ ಹೆಂಗಸರಿಗೆ ಅದು ಕೇಳಿಸಿತು, ಮತ್ತೆ ಆರ್ಡರೇ ತಪ್ಪಿತು ಅಂದುಕೊಂಡರು. ಈ ಸಲ ಯಾರೂ ಏನು, ಎತ್ತ ಅಂತ ವಿಚಾರಿಸಲಿಲ್ಲ. ಪಟ ಪಟ! ಪಟ ಪಟ! ಊಟ ಮುಗಿಯುವ ಮೊದಲೇ ಹಾಸ್ಟೆಲಿನ ಬಾಗಿಲಿಗೆ ಮತ್ತೆ ಐದು ಬುಟ್ಟಿ ಬಂದಿಳಿದವು. ಹುಡುಗರು ಹೋ ಎಂದು ಕೂಗಿ ಅವನ್ನೂ ಮುಗಿಸಿದರು.

ನಿಂಗವ್ವ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಾ ಕೇಳಿದಳು: “ಮುದುಕಪ್ಪಾ, ತಪ್ಪು ಸರಿ ಆತೇನೋ?”

ಮುದುಕಪ್ಪನ ಕಣ್ಣು ಆಗಲೇ ಬಳಿಗಾರ ಮಾಸ್ತರರ ತಲೆಯ ಮೇಲಿತ್ತು. ಹಬ್ಬದ ದಿನವೆಂದು ಅವರು ಹೊಸ ಪೇಟ ಸುತ್ತಿದ್ದರು. ಕೆಂಪಗೆ, ರೇಶಿಮೆಯದು.