ಒಂಟಿಕಾಲಿನ ಕಾಗೆಯ ಅರ್ಧ ವಡೆ

ಹೋಟೆಲಿನ ಹಿತ್ತಿಲಲ್ಲಿ ಒಂಟಿಕಾಲಿನ ಕಾಗೆಯೊಂದಕ್ಕೆ ಅರ್ಧ ವಡೆ ಸಿಕ್ಕಿತು. ಇನ್ನೇನು ಕೊಕ್ಕು ಹಾಕಬೇಕು, ಅಷ್ಟರಲ್ಲಿ ಬಳಗದ ಹಿರಿಯ ಕಾಗೆ ಎದುರಿಗೆ ಬಂದು ಕೂತಿತು.

"ಅಯ್ಯೋ ಪಾಪ, ಹುಟ್ಟುವಾಗಲೇ ಹೀಗೋ, ಆಮೇಲೆ ಹೋಯಿತೋ?"

"ಗಾಳಿಪಟದ ದಾರಕ್ಕೆ ಸಿಕ್ಕಿ ಹೋಯಿತು."

"ಎಲ್ಲ ಹಿಂದಿನ ಜನ್ಮದ ಕರ್ಮ, ಮಗಳೇ. ನಿನ್ನನ್ನು ನೋಡಿದರೆ ಕರುಳು ಕಿತ್ತು ಬರುತ್ತದೆ." ಹೀಗೆ ಮರುಗುತ್ತಲೇ ಅದು ಒಂದೊಂದೇ ಹೆಜ್ಜೆ ಮುಂದೆ ಬಂತು. ಸುತ್ತ ನೆರೆದ ಕಾಗೆಗಳೆಲ್ಲ ಇಲ್ಲದ ಕಾಲನ್ನೇ ನೋಡುತ್ತಿದ್ದವು. ಹಿರಿಯ ಕಾಗೆಯ ಕಾಲು ಎಲ್ಲಿದೆಯೆಂದು ಯಾರೂ ನೋಡಲಿಲ್ಲ.

ಒಂಟಿಕಾಲಿನ ಕಾಗೆ ನೋಡಿತು. ನೋಡಿ, ಎಲ್ಲರಿಗೂ ಕೇಳುವ ಹಾಗೆ ಹೇಳಿತು: "ಹಿರಿಯರೇ, ನನ್ನ ಹೋದ ಕಾಲಿಗೆ ಆಮೇಲೆ ಅಳುವಿರಂತೆ. ಮೊದಲು ನನ್ನ ವಡೆಯ ಮೇಲಿಟ್ಟಿರುವ ನಿಮ್ಮ ಕಾಲು ತೆಗೆಯಿರಿ."