ಮೂರನೆಯ ಬೇಡ

"ಗುರುಗಳೇ, ಕತೆಯೊಳಗೆ ನಡೆದದ್ದರಿಂದ ಹೊರಗೆ ಇರುವವರಿಗೆ ನೋವಾಗುತ್ತದೆಯೇ?"

ಕೇಳಿದವಳು ವಾರಿಜ. ಅವಳ ಕೈಯಲ್ಲಿ ಜಪಾನಿನ ಚಿತ್ರಕತೆಯ ಪುಸ್ತಕವೊಂದಿತ್ತು, ಹಿಂದಿನಿಂದ ಮುಂದಕ್ಕೆ ಓದುವಂಥದ್ದು. ಒಂದೇ ಪ್ರೇಮಕತೆ, ಏಳು ಸಂಪುಟ. ಆಶ್ರಮದ ಕಿರಿಯರೆಲ್ಲ ಅದನ್ನು ಕೈಯಿಂದ ಕೈಗೆ ದಾಟಿಸಿ ಓದಿದ್ದರು. ವಾರಿಜಳಿಗಂತೂ ಅದು ಬಾಯಿಪಾಠ. ನಾಯಕನ ಕೊಡೆ ಎಷ್ಟನೆಯ ಪುಟದಲ್ಲಿ ಹರಿಯಿತು ಎಂದು ಕೇಳಿದರೂ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದಳು. ಮೂರನೆಯ ಸಂಪುಟದಲ್ಲಿ ಆ ನಾಯಕ ಹುಡುಗಿಯನ್ನು ಗೋಡೆಗೆ ಒತ್ತಿ ಹಿಡಿದು, ಅವಳು ಬೇಡವೆಂದರೂ ಬಿಡದೆ ಮುತ್ತಿಡುತ್ತಾನೆ. ಆ ಪುಟದ ಮೇಲೆ ಮೂರು ದಿನದಿಂದ ಜಗಳ ನಡೆದಿತ್ತು.

"ಅವನಿಗೆ ಅವಳ ಮೇಲೆ ಪ್ರೀತಿ ಇದೆ. ಮುಂದಿನ ಪುಟದಲ್ಲಿ ಅವಳೂ ನಗುತ್ತಾಳೆ" ಎಂದಳು ವಾರಿಜ.

"ನಿನ್ನನ್ನು ಯಾರಾದರೂ ಹಾಗೆ ಹಿಡಿದರೆ ನೀನೂ ನಗ್ತೀಯೇನಕ್ಕ?" ಎಂದ ಜೊತೆಯ ಶಿಷ್ಯ ತಿಪ್ಪೇಶ.

"ನಾನ್ಯಾಕೆ ಬಂದೆ ಇದರಲ್ಲಿ? ಇದು ಚಿತ್ರ ಕಣೋ, ಚಿತ್ರ!"

"ಸಾಕು, ಕೂತುಕೊಳ್ಳಿ" ಎಂದರು ಗುರುಗಳು. ಅವರು ಹೆಚ್ಚು ಮಾತಿನವರಲ್ಲ. ಆದರೂ ಒಂದು ಕತೆ ಹೇಳತೊಡಗಿದರು.

ತೊಗಲುಗೊಂಬೆ ಆಡಿಸುವವನೊಬ್ಬನಿದ್ದ. ಅವನ ಬಳಿ ಒಂದು ಪ್ರೇಮದ ಆಟವಿತ್ತು. ಅರಸುಮಗನೊಬ್ಬ ತೋಟಗಾರನ ಮಗಳನ್ನು ಕಂಡು ಮೋಹಗೊಳ್ಳುತ್ತಾನೆ. ತೋಟದೊಳಗೆ ಅವಳ ಮುಂಗೈ ಹಿಡಿಯುತ್ತಾನೆ. ಅವಳು ಬೇಡ ಎನ್ನುತ್ತಾಳೆ. ಮೂರು ಸಲ ಎನ್ನುತ್ತಾಳೆ. ಮೂರನೆಯದಕ್ಕೆ ಮದ್ದಳೆಯ ಪೆಟ್ಟು ಬೀಳುತ್ತದೆ. ಮುಂದಿನ ದೃಶ್ಯದಲ್ಲಿ ಮದುವೆ.

ಬೇರೆ ಮೇಳದವರು ಅಳುವುದಕ್ಕೊಂದು, ನಗುವುದಕ್ಕೊಂದು ಗೊಂಬೆ ಇಟ್ಟುಕೊಂಡಿದ್ದರು. ಇವನಿಗೆ ಆ ಹುಡುಗಿಗೆಂದು ಸಿಕ್ಕಿದ್ದು ಒಂದೇ ತೊಗಲು. ಮದುವೆಯ ದೃಶ್ಯಕ್ಕೆ ಬೇಕಾದ ಮುಖವನ್ನು ಕೊರೆದ. ಎಲ್ಲ ದೃಶ್ಯಕ್ಕೂ ಅದನ್ನೇ ಹಿಡಿದ. ಹಾಗಾಗಿ ಬೇಡ ಎನ್ನುವಾಗಲೂ ಅವಳು ನಗುತ್ತಿದ್ದಳು.

ಪರದೆಯ ಮೇಲೆ ಆ ನಗು ನೀರಿನಲ್ಲಿ ತೇಲಿಬಿಟ್ಟ ದೀಪದಂತೆ ಅಲುಗುತ್ತಿತ್ತು. ಅವಳ ನೆರಳಿಗೂ ಬಣ್ಣವಿತ್ತು. ನೋಡುತ್ತ ಕೂತವರಿಗೆ ತಾವು ಯಾವ ಊರಿನವರೆಂಬುದೇ ಮರೆತುಹೋಗುತ್ತಿತ್ತು.

ಆಟ ಹೆಸರಾಯಿತು. ಜನ ಜೊತೆಗೆ ಎಣಿಸುವುದನ್ನು ರೂಢಿ ಮಾಡಿಕೊಂಡರು. ಅವಳು ಬೇಡ ಎಂದರೆ ಅವರು ಒಂದು ಎನ್ನುವರು. ಮತ್ತೆ ಬೇಡ ಎಂದರೆ ಎರಡು ಎನ್ನುವರು. ಮೂರಕ್ಕೆ ಮದ್ದಳೆ, ಅದರ ಹಿಂದೆಯೇ ಚಪ್ಪಾಳೆ. ಪರದೆಯ ಹಿಂದೆ ಕೂತು ಬೇಡ ಎನ್ನುತ್ತಿದ್ದವಳು ಆಟಗಾರನ ಮಗಳು. ಜನ ಎಣಿಸುವಾಗ ಅವಳಿಗೂ ನಗು ಬರುತ್ತಿತ್ತು.

ಒಂದು ಊರಿನಲ್ಲಿ ಮೇಳ ಐದು ದಿನ ನಿಂತಿತು. ಆ ಊರಿನ ಯುವಕನೊಬ್ಬ ದಿನವೂ ದೀಪಕ್ಕೆ ಎಣ್ಣೆ ತಂದುಕೊಟ್ಟು, ಮುಂದಿನ ಸಾಲಿನಲ್ಲಿ ಕೂತು ಆಟ ನೋಡುತ್ತಿದ್ದ. ಯಾರೊಬ್ಬರಿಗೂ ಕೆಟ್ಟ ಮಾತು ಆಡಿದವನಲ್ಲ. ಅವನಷ್ಟು ಆ ಆಟವನ್ನು ಮೆಚ್ಚಿದವರು ಇನ್ನೊಬ್ಬರಿರಲಿಲ್ಲ.

ಐದನೆಯ ದಿನ ಬೆಳಿಗ್ಗೆ ಆಟಗಾರನ ಮಗಳು ಕೊಡ ಹಿಡಿದು ಹೊಳೆಗೆ ಹೋದಳು. ಹೊಳೆಯ ಮೇಲೆ ಮಂಜು ಪರದೆಯಂತೆ ಬೆಳ್ಳಗೆ ಇಳಿಬಿದ್ದಿತ್ತು. ಆಚೆ ದಡವಿರಲಿಲ್ಲ. ಮಂಜಿನೊಳಗಿನಿಂದ ಆ ಯುವಕ ಬಂದ. ಬಂದು ಅವಳ ಮುಂಗೈ ಹಿಡಿದ.

"ಬೇಡ, ಬಿಡಿ" ಎಂದಳು.

ಅವನು ನಕ್ಕ. "ಒಂದು" ಎಂದ.

"ಬೇಡ ಅಂದೆನಲ್ಲ!"

"ಎರಡು."

ಅವಳು ಬಾಯಿ ತೆರೆದಳು. ಹಾಗೆಯೇ ಮುಚ್ಚಿದಳು. ಅವನು ಕಿವಿಗೊಟ್ಟು ಕಾಯುತ್ತಿದ್ದ, ಹಬ್ಬಕ್ಕೆ ಕಾಯುವವನಂತೆ. ಆಚೆ ಎಲ್ಲೋ ಯಾರೋ ಬಟ್ಟೆ ಒಗೆಯತೊಡಗಿದರು. ಸದ್ದಿಗೆ ಅವನು ತಿರುಗಿದ. ಅವಳು ಕೈ ಕಿತ್ತುಕೊಂಡು ಓಡಿದಳು. ಕೊಡ ಮಂಜಿನೊಳಗೆ ತೇಲಿಹೋಯಿತು.

"ಕೊಡ ಎಲ್ಲಮ್ಮ?" ಎಂದು ಅಪ್ಪ ಕೇಳಿದ.

"ಹೊಳೆ ಒಯ್ದಿತು" ಎಂದಳು.

ಸಂಜೆ ಆಟ ಶುರುವಾಯಿತು. ತೋಟದ ದೃಶ್ಯ ಬಂತು. ಬೇಡ ಎಂದಳು. ಜನ ಒಂದು ಎಂದರು. ಬೇಡ ಎಂದಳು. ಎರಡು ಎಂದರು. ಆಮೇಲೆ ಅವಳು ಸುಮ್ಮನಾದಳು.

ಗೊಂಬೆಗಳು ಪರದೆಯ ಮೇಲೆ ನಿಂತೇ ಇದ್ದವು. "ಮೂರು! ಮೂರು! ಹೇಳೇ ಹುಡುಗಿ, ನಿದ್ದೆ ಹೋದೆಯಾ?" ಎಂದು ಜನ ಕೂಗಿದರು. ಎಲ್ಲರಿಗಿಂತ ಜೋರಾಗಿ ಕೂಗಿದವನು ಎಣ್ಣೆ ತಂದವನು.

ಆಟಗಾರ ಮಗಳ ಕಡೆ ನೋಡಿದ. ದೀಪದ ಬೆಳಕಿನಲ್ಲಿ ಅವಳ ಮುಂಗೈ ಮೇಲೆ ನಾಲ್ಕು ಬೆರಳಿನ ಗುರುತು ಕಂಡಿತು.

"ಅಪ್ಪಾ, ಬೆಳಿಗ್ಗೆ ಹೊಳೆಯ ಹತ್ತಿರ ಆ ಎಣ್ಣೆ ತರುವವನೂ ಹೀಗೇ ಎಣಿಸಿದ" ಎಂದು ಅವಳು ಮೆಲ್ಲಗೆ ಹೇಳಿದಳು. "ಮೂರನೇ ಸಲ ಬೇಡ ಅಂದರೆ ಅವನಿಗೆ ಅದು ಹೂಂ ಅಂದ ಹಾಗೆ. ನನಗೆ ಬೇರೆ ಮಾತು ಗೊತ್ತಿರಲಿಲ್ಲ."

ಆಟಗಾರ ಕೈಯಲ್ಲಿದ್ದ ಗೊಂಬೆಯನ್ನು ನೋಡಿದ. ಅದು ನಗುತ್ತಿತ್ತು. ಎಷ್ಟೋ ವರ್ಷ ಹಿಡಿದು ಕುಣಿಸಿದ ಗೊಂಬೆ, ಅದರ ನಗುವನ್ನು ಅವನು ಅಂದೇ ಕಂಡ. ಮದ್ದಳೆಯವನಿಗೆ ಕೈಸನ್ನೆ ಮಾಡಿ ನಿಲ್ಲಿಸಿದ. ಅರಸುಮಗನ ಕೈಯಿಂದ ಅವಳ ಕೈ ಬಿಡಿಸಿದ. ಗೊಂಬೆಯನ್ನು ಮಗುಚಿ ಹಿಡಿದ. ಅವಳ ಮುಖ ಆ ಕಡೆ ತಿರುಗಿತು. ತೋಟಗಾರನ ಮಗಳು ಒಂದೊಂದೇ ಹೆಜ್ಜೆ ಇಟ್ಟು ನಡೆದಳು. ಮರ ದಾಟಿದಳು, ಬಾವಿ ದಾಟಿದಳು, ಪರದೆಯ ಅಂಚು ದಾಟಿದಳು. ಅಂಚಿನಾಚೆ ಅವಳು ಎಲ್ಲಿಗೆ ಹೋದಳೆಂದು ಆಡಿಸಿದವನಿಗೂ ತಿಳಿಯಲಿಲ್ಲ. ಪರದೆಯ ಮೇಲೆ ಅರಸುಮಗನೊಬ್ಬನೇ ಉಳಿದ. ಚಾಚಿದ ಕೈ ಹಾಗೇ ಇತ್ತು.

ಜನ ಬಹಳ ಹೊತ್ತು ಕಾದರು. ಆಮೇಲೆ ಬೈಯುತ್ತ ಎದ್ದರು. ಯುವಕ ಪರದೆಯ ಹಿಂದಕ್ಕೇ ಬಂದ. ಅವನ ಕಣ್ಣಲ್ಲಿ ನೀರಿತ್ತು.

"ಇಂಥಾ ಆಟ ಯಾಕೆ ಕೆಡಿಸಿದಿರಿ ಯಜಮಾನರೇ? ಅವಳು ನಗ್ತಾನೇ ಇದ್ದಳಲ್ಲ!"

"ಆ ನಗು ನಾನು ಕೊರೆದದ್ದು. ಅವಳನ್ನು ಕೇಳಿ ಕೊರೆದದ್ದಲ್ಲ" ಎಂದ ಆಟಗಾರ. ಹಾಗೆಂದು ದೀಪವನ್ನು ಎತ್ತಿ ಮಗಳ ಕೈಯ ಹತ್ತಿರ ಹಿಡಿದ.

ದೀಪ ಯುವಕ ತಂದ ಎಣ್ಣೆಯಲ್ಲೇ ಉರಿಯುತ್ತಿತ್ತು. ಅವನು ಆ ಗುರುತು ನೋಡಿದ. ತನ್ನ ಬೆರಳು ನೋಡಿಕೊಂಡ. ಕೈಯನ್ನು ಬೆನ್ನ ಹಿಂದೆ ಮಾಡಿಕೊಂಡ.

ಗುರುಗಳು ನಿಲ್ಲಿಸಿದರು. ವಾರಿಜಳ ಕಣ್ಣು ಕೆಂಪಾಗಿತ್ತು.

"ಎಂಥ ಮನುಷ್ಯ ಗುರುಗಳೇ ಅವನು!" ಎಂದಳು. "ಅಷ್ಟು ಮೆಚ್ಚಿ ನೋಡಿದವನಿಗೆ ಅವಳು ಬೇಡ ಅಂದದ್ದು ಲೆಕ್ಕಕ್ಕೇ ಬರಲಿಲ್ಲವೇ?"

ಗುರುಗಳು ಅವಳ ಪುಸ್ತಕ ತೆಗೆದುಕೊಂಡು ಆ ಪುಟ ಬಿಡಿಸಿದರು. ಅದರ ಮೇಲೆ ಅಂಗೈ ಮುಚ್ಚಿದರು.

"ಅವನು ಎಣಿಸಿಯಾದರೂ ಇದ್ದ, ಈ ಪುಟದಲ್ಲಿ ಈ ಹುಡುಗಿ ಎಷ್ಟು ಸಲ ಬೇಡ ಎಂದಳು, ಹೇಳು."