ನೀರುಗಂಟಿ ಹೇಳಿದ ಮಟ್ಟ

“ಹೇಳಿದ್ದನ್ನೆಲ್ಲ ಮಾಡಿ ತೋರಿಸಿದ್ದೇವೆ, ಬುದ್ಧಿ. ಎಲ್ಲಿಯೂ ಸುಳ್ಳು ಬರೆದಿಲ್ಲ. ಆದರೂ ಮುಂದಿನ ಮೂರು ತಿಂಗಳಿಗೆ ಎಷ್ಟು ಎಂದು ಹೇಳಬೇಕಾದಾಗ ನಾಲಿಗೆ ಏಳುವುದಿಲ್ಲ. ಯಾಕೆ?”

ಮಠದ ಗುರುಗಳನ್ನು ಹೀಗೆ ಕೇಳಿದವರು ಸರ್ವಮಂಗಳ. ಅವರು ಒಂದು ದೊಡ್ಡ ಬ್ಯಾಂಕಿನ ಹಣಕಾಸು ವಿಭಾಗದ ಮುಖ್ಯಸ್ಥೆ. ಆ ಬ್ಯಾಂಕು ಮೂರು ತಿಂಗಳಿಗೊಮ್ಮೆ ತನ್ನ ಲಾಭವನ್ನು ಲೋಕಕ್ಕೆ ತಿಳಿಸುತ್ತದೆ. ಮುಂದಿನ ಮೂರು ತಿಂಗಳಲ್ಲಿ ಎಷ್ಟು ಬೆಳೆಯುತ್ತೇವೆ ಎಂಬುದನ್ನೂ ಅದೇ ಸಭೆಯಲ್ಲಿ ಹೇಳುತ್ತದೆ. ಹೇಳುವ ಕೆಲಸ ಸರ್ವಮಂಗಳ ಅವರದು. ಸಭೆ ನಾಳೆ ಇತ್ತು. ಅಧ್ಯಕ್ಷರು ಅಂಕಿಯನ್ನು ಆಗಲೇ ಕೊಟ್ಟಿದ್ದರು. ಅದು ಈ ಸಲದ್ದಕ್ಕಿಂತ ದೊಡ್ಡದು. ಅದನ್ನು ಓದಿ ಹೇಳಿದರೆ ಸಾಕಿತ್ತು. ಓದಲಾರೆ ಎಂದರೆ ಆ ಕುರ್ಚಿಯಲ್ಲಿ ಕೂರಲು ಬೇರೆಯವರು ಕಾದಿದ್ದರು.

ಗುರುಗಳು ಬೆಳಗಿನಿಂದ ಬಂದವರ ಕಷ್ಟಸುಖ ಕೇಳಿ ದಣಿದಿದ್ದರು. ಗೋಡೆಗೆ ಒರಗಿಕೊಂಡು ಕೇಳಿದರು.

“ಈ ಸಲ ಹೇಳಿದಷ್ಟು ಲಾಭ ಹೇಗೆ ಬಂತು, ತಾಯಿ?”

“ಕೊನೆಯ ಎರಡು ವಾರ ಸಣ್ಣ ಸಾಲಗಳನ್ನು ತಡೆಯಿರಿ ಎಂದು ಶಾಖೆಗಳಿಗೆ ತಿಳಿಸಿದೆವು. ಸಾಲ ಕೊಟ್ಟರೆ, ಅದು ವಾಪಸು ಬಾರದೆಯೂ ಹೋದೀತು ಎಂದು ಒಂದಿಷ್ಟು ಹಣ ಎತ್ತಿಡಬೇಕು. ಎತ್ತಿಟ್ಟಷ್ಟು ಲಾಭ ಇಳಿಯುತ್ತದೆ. ಲೆಕ್ಕದ ದಿನ ಕಳೆದ ಮೇಲೆ ಕೊಟ್ಟರೆ ಈ ಸಲದ ಲಾಭಕ್ಕೆ ಆ ತೊಂದರೆ ಇಲ್ಲ. ಹೊಲಿಗೆ ಯಂತ್ರಕ್ಕೆ, ಹಸುವಿಗೆ, ಅಂಗಡಿಗೆ ಕೇಳಿದವರು ಎರಡು ವಾರ ಕಾದರು, ಅಷ್ಟೆ. ಯಾರಿಗೂ ಇಲ್ಲ ಎನ್ನಲಿಲ್ಲ.”

“ಮೊದಲಿನಿಂದಲೂ ಎರಡು ವಾರವೇ?”

ಸರ್ವಮಂಗಳ, “ಮೊದಲು ಎರಡು ದಿನ ಇತ್ತು, ಬುದ್ಧಿ” ಎಂದರು.

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ದೊಡ್ಡ ಕೆರೆ ಇತ್ತು. ಅದರ ತೂಬು ತೆಗೆದು ಕೆಳಗಿನ ಗದ್ದೆಗಳಿಗೆ ನೀರು ಬಿಡಲು ಒಬ್ಬ ನೀರುಗಂಟಿ ಇದ್ದ. ಅವನ ಅಪ್ಪನೂ ಅದೇ ಕೆಲಸ ಮಾಡಿದವನು. ಯಾವ ಗದ್ದೆಗೆ ಯಾವಾಗ ಎಷ್ಟು ನೀರು ಬೇಕು ಎಂಬುದು ಅವನಿಗೆ ಗೊತ್ತಿತ್ತು. ಕೊಯ್ಲಿನ ಕಾಲದಲ್ಲಿ ರೈತರು ಕಣದಲ್ಲಿಯೇ ಅವನ ಪಾಲಿನ ಭತ್ತ ಅಳೆದು ಕೊಡುತ್ತಿದ್ದರು. ಅದೇ ಅವನ ಸಂಬಳ.

ಕೆರೆಯೊಳಗೆ ಗೀಟು ಹಾಕಿದ ಒಂದು ಕಲ್ಲು ಇತ್ತು. ವರ್ಷಕ್ಕೆ ನಾಲ್ಕು ಸಲ ಊರಿನ ಹಿರಿಯರು ಏರಿಯ ಮೇಲೆ ಬಂದು ಆ ಕಲ್ಲನ್ನು ನೋಡುತ್ತಿದ್ದರು. ನೀರು ಯಾವ ಗೀಟಿಗೆ ಇದೆಯೋ ಅದನ್ನು ಊರಿಗೆ ಸಾರುತ್ತಿದ್ದರು. ಮಳೆ ಬಂದರೆ ಮಟ್ಟ ಏರುತ್ತಿತ್ತು. ಗದ್ದೆಗೆ ಬಿಟ್ಟರೆ ಇಳಿಯುತ್ತಿತ್ತು. ಅದಕ್ಕೆ ಯಾರೂ ಹಿಗ್ಗುತ್ತಿರಲಿಲ್ಲ, ಯಾರೂ ಕುಗ್ಗುತ್ತಿರಲಿಲ್ಲ.

ಒಂದು ವರ್ಷ ಮಳೆ ಚೆನ್ನಾಗಿ ಆಯಿತು. ಹಿರಿಯನೊಬ್ಬ ಸಂತೋಷದಿಂದ, “ಮುಂದಿನ ಸಲ ಎಷ್ಟಿರಬಹುದಪ್ಪ?” ಎಂದು ಕೇಳಿದ. ನೀರುಗಂಟಿಯೂ ಸಂತೋಷದಲ್ಲಿದ್ದ. “ಇನ್ನೊಂದು ಗೀಟು ಮೇಲೆ” ಎಂದ. ಹಾಗೆಯೇ ಆಯಿತು. ಹಿರಿಯರು ಅವನಿಗೆ ಶಾಲು ಹೊದಿಸಿದರು.

ಅಲ್ಲಿಂದ ಪ್ರತಿ ಸಲವೂ ಆ ಪ್ರಶ್ನೆ ಬಂತು. ನೀರುಗಂಟಿ ಏನು ಹೇಳುತ್ತಾನೆ ಎಂದು ಕೇಳಲು ಪಟ್ಟಣದ ವರ್ತಕರೂ ಬಂದು ಏರಿಯ ಮೇಲೆ ನಿಲ್ಲತೊಡಗಿದರು. ಅವರು ನೇಗಿಲು ಹಿಡಿದವರಲ್ಲ. ಅವನು ಮೇಲಿನ ಗೀಟು ಹೇಳಿದರೆ ಆ ಊರಿನ ಗದ್ದೆಗಳನ್ನು ಕೊಳ್ಳುತ್ತಿದ್ದರು. ಕೆಳಗಿನ ಗೀಟು ಹೇಳಿದರೆ ಮಾರುತ್ತಿದ್ದರು. ಅವನ ಮಾತಿಗೆ ಬೆಲೆ ಏರಿತು. ಅವನ ತಲೆಯ ಭಾರವೂ ಏರಿತು.

ಒಂದು ಸಲ ನೀರು ಅವನು ಹೇಳಿದ್ದಕ್ಕಿಂತ ಅರ್ಧ ಗೀಟು ಕಡಿಮೆ ನಿಂತಿತು. ಹಿಂದಿನ ವರ್ಷಕ್ಕಿಂತ ಅದು ಹೆಚ್ಚೇ ಇತ್ತು. ಆದರೆ ಹೇಳಿದಷ್ಟು ಇರಲಿಲ್ಲ. ಹಿರಿಯರು ಅವನನ್ನು ನೀರು ಕದ್ದವನಂತೆ ನೋಡಿದರು. ಒಬ್ಬ ವರ್ತಕ ನಗುತ್ತಾ, “ಏನಯ್ಯ, ಉಳಿದದ್ದನ್ನು ನೀನೇ ಕುಡಿದೆಯಾ?” ಎಂದ. ಸುತ್ತಲಿದ್ದವರೂ ನಕ್ಕರು. ನೀರುಗಂಟಿಯೂ ನಕ್ಕ. ಮನೆಗೆ ಹೋಗಿ ಊಟ ಬಿಟ್ಟ.

ಮುಂದಿನ ಸಲ ಅವನು ಲೆಕ್ಕದ ದಿನಕ್ಕೆ ಒಂದು ದಿನ ಮೊದಲೇ ತೂಬು ಮುಚ್ಚಿದ. ಒಂದು ದಿನಕ್ಕೆ ಪೈರು ಸಾಯುವುದಿಲ್ಲ ಎಂದುಕೊಂಡ. ಸಾಯಲಿಲ್ಲ. ಮಟ್ಟ ಹೇಳಿದಷ್ಟೇ ಬಂತು. ಮರುದಿನ ತೂಬು ತೆಗೆದ.

ಆದರೆ ಅದರ ಮುಂದಿನ ಸಲ ಆ ಗೀಟಿಗಿಂತಲೂ ಮೇಲೆ ಹೇಳಬೇಕಾಯಿತು. ಆಗ ಇನ್ನೂ ಮೊದಲೇ ಮುಚ್ಚಿದ. ಹೀಗೆ ಸಲದಿಂದ ಸಲಕ್ಕೆ ತೂಬು ಮುಚ್ಚಿದ ದಿನಗಳು ಹೆಚ್ಚಿದವು, ತೆರೆದ ದಿನಗಳು ಕಡಿಮೆಯಾದವು. ಅವನು ಒಂದು ಹನಿ ನೀರನ್ನೂ ಕದಿಯಲಿಲ್ಲ. ಕಲ್ಲಿನ ಗೀಟನ್ನು ತಿದ್ದಲಿಲ್ಲ. ನೋಡಿದವರಿಗೆ ಕಂಡದ್ದೆಲ್ಲ ನಿಜವೇ ಆಗಿತ್ತು.

ಕೆಳಗಿನ ಗದ್ದೆಯ ಒಬ್ಬ ಹೆಂಗಸು ಏರಿ ಹತ್ತಿ ಬಂದಳು. ಅವಳ ಪೈರು ತೆನೆ ಕಟ್ಟುವ ಹೊತ್ತು. ನೀರು ನೋಡುತ್ತಾ ನಿಂತಳು.

“ನೀರು ಕೇಳಲು ಬಂದೆಯಾ, ಅಕ್ಕ?” ಎಂದ ನೀರುಗಂಟಿ.

“ಅಯ್ಯೋ, ಇಲ್ಲಪ್ಪ. ಇಷ್ಟು ಚೆನ್ನಾಗಿ ತುಂಬಿಸಿದ್ದೀಯ, ಕೈ ಮುಗಿದು ಹೋಗೋಣ ಎಂದು ಬಂದೆ. ನಿನ್ನ ಕೆರೆಗೆ ನಮ್ಮ ಗದ್ದೆಯ ಕಣ್ಣು ಬೀಳದಿರಲಿ.”

“ಲೆಕ್ಕದ ದಿನ ಒಂದು ಕಳೆಯಲಿ, ಅಕ್ಕ. ಬಿಡುತ್ತೇನೆ.”

“ಲೆಕ್ಕದ ದಿನ ತೆನೆಗೆ ಗೊತ್ತಿಲ್ಲವಲ್ಲಪ್ಪ. ಅದು ಈಗ ಕೇಳುತ್ತಿದೆ.”

ಅವನು ತೂಬಿನ ಕಡೆ ನೋಡಿದ. ಏರಿಯ ಮೇಲೆ ಬಂದು ನಿಲ್ಲುವವರ ಮುಖಗಳು ನೆನಪಾದವು. ತೂಬು ತೆಗೆಯಲಿಲ್ಲ. ಅವಳು ಇಳಿದು ಹೋದಳು. ಲೆಕ್ಕದ ದಿನ ಕಳೆದ ಮೇಲೆ ಅವನು ಮಾತಿನಂತೆ ನೀರು ಬಿಟ್ಟ. ಆ ನೀರಿಗೆ ಅವಳ ಹುಲ್ಲು ಹಸಿರಾಯಿತು. ತೆನೆಯಲ್ಲಿ ಜೊಳ್ಳು ಉಳಿಯಿತು.

ಆ ಸಲದ ಕೊಯ್ಲಿನಲ್ಲಿ ನೀರುಗಂಟಿಯ ಚೀಲ ಅರ್ಧಕ್ಕೆ ನಿಂತಿತು. ಅವನು ರೈತರನ್ನು ದೂರಲಿಲ್ಲ. ಕೊಡಲು ಅವರಲ್ಲಿಯೂ ಇರಲಿಲ್ಲ. ಮನೆಯಲ್ಲಿ ಶಾಲುಗಳು ಮಾತ್ರ ಹೆಚ್ಚಾಗಿದ್ದವು.

ಮರುವರ್ಷ ಕೆಳಗಿನವರು ಭತ್ತದ ಮಡಿ ಹಾಕಲಿಲ್ಲ. ಯಾರೂ ಜಗಳಕ್ಕೆ ಬರಲಿಲ್ಲ. ಯಾರೂ ಹಿರಿಯರಿಗೆ ದೂರು ಕೊಡಲಿಲ್ಲ. ಕೆರೆಯ ನೀರನ್ನು ನಂಬದೆ ಬೆಳೆಯುವುದು ಏನಿದೆ ಎಂದು ಯೋಚಿಸಿದರು. ಮಳೆಯ ಕೊನೆಯಲ್ಲಿ ಗದ್ದೆಗಳಿಗೆಲ್ಲ ಹುರುಳಿ ಚೆಲ್ಲಿದರು. ಹುರುಳಿ ಇಬ್ಬನಿಯಲ್ಲಿಯೇ ಬೆಳೆಯುತ್ತದೆ. ಅದಕ್ಕೆ ನೀರುಗಂಟಿ ಬೇಡ.

ನೀರು ಕೇಳುವವರಿಲ್ಲದೆ ಕೆರೆ ತಾನಾಗಿಯೇ ತುಂಬಿತು. ಉಳಿದದ್ದು ಕೋಡಿ ಹರಿದು ಹಳ್ಳಕ್ಕೆ ಹೋಯಿತು. ನೀರುಗಂಟಿಗೆ ಮೊದಲು ಹಗುರಾಯಿತು. ಈ ಸಲ ತೂಬು ಮುಚ್ಚುವ ಪಾಪವಿಲ್ಲ ಎಂದುಕೊಂಡ. ಆಮೇಲೆ ಏರಿಯ ಮೇಲೆ ಕೂತು ಕೆಳಗೆ ನೋಡಿದ. ಅವನ ಅಪ್ಪನ ಕಾಲದಿಂದಲೂ ಅಲ್ಲಿ ಆ ಹೊತ್ತಿಗೆ ನೀರು ನಿಂತು ಹೊಳೆಯುತ್ತಿತ್ತು. ಈಗ ಹೊಳೆಯುವುದೆಲ್ಲ ಅವನ ಬೆನ್ನ ಹಿಂದೆ ಇತ್ತು.

ಅವನು ಎದ್ದು ಹೋಗಿ ತೂಬು ಪೂರ್ತಿ ತೆಗೆದ. ಲೆಕ್ಕದ ದಿನ ಹತ್ತಿರವಿತ್ತು. ಹತ್ತಿರವಿದ್ದರೂ ತೆಗೆದ. ನೀರು ಕಾಲುವೆಗೆ ನುಗ್ಗಿತು. ಹೂಳು ತುಂಬಿದ್ದ ಕಾಲುವೆ ಅದನ್ನು ಹಿಡಿಯಲಾರದೆ ಎರಡು ಕಡೆಗೂ ಚೆಲ್ಲಿತು. ನೀರು ಹುರುಳಿಯ ಬುಡಕ್ಕೆ ಹೋಗಿ ನಿಂತಿತು.

ಅದೇ ಹೆಂಗಸು ಸೆರಗು ಸಿಕ್ಕಿಸಿಕೊಂಡು ಓಡಿ ಬಂದಳು. ಈ ಸಲ ಅವಳ ಮಾತಿನಲ್ಲಿ ಕುಹಕವಿರಲಿಲ್ಲ.

“ಮುಚ್ಚಪ್ಪ, ದಮ್ಮಯ್ಯ. ಹುರುಳಿ ಕೊಳೆತು ಹೋಗುತ್ತದೆ. ಇದೊಂದನ್ನಾದರೂ ತಿನ್ನಲು ಬಿಡು.”

“ನಿಮಗಾಗಿಯೇ ಬಿಟ್ಟೆ, ಅಕ್ಕ.”

“ಗೊತ್ತು. ಬೇಕಾದಾಗ ಇರಲಿಲ್ಲ. ಈಗ ಬೇಡ.”

ಅವನು ತೂಬು ಮುಚ್ಚಿದ. ಅಷ್ಟು ವರ್ಷಗಳಲ್ಲಿ ರೈತರ ಮಾತಿಗೆ ಅವನು ತೂಬು ಮುಚ್ಚಿದ್ದು ಅದೇ ಮೊದಲು. ಅಲ್ಲಿಯೇ ಏರಿಯ ಮೇಲೆ ಕೂತ.

ಲೆಕ್ಕದ ದಿನ ಹಿರಿಯರು ಬಂದರು. ವರ್ತಕರೂ ಬಂದರು. ಹಿಂದೆ ಎಂದೂ ಅಷ್ಟು ಜನ ಏರಿಯ ಮೇಲೆ ಸೇರಿರಲಿಲ್ಲ. ಗೀಟುಗಳೆಲ್ಲ ಮುಳುಗಿ ಕಲ್ಲಿನ ತಲೆಯಷ್ಟೇ ಕಾಣುತ್ತಿತ್ತು. ಈ ಕಲ್ಲು ಇನ್ನು ಸಾಲದು, ಎತ್ತರದ ಕಲ್ಲು ನೆಡಿಸೋಣ ಎಂದು ಹಿರಿಯರು ಮಾತಾಡಿಕೊಂಡರು. ಯಾರೂ ಏರಿಯ ಇನ್ನೊಂದು ಬದಿಗೆ ತಿರುಗಲಿಲ್ಲ. ಮತ್ತೊಂದು ಶಾಲು ಹೊದಿಸಿದರು. ಆಮೇಲೆ ಹಿರಿಯನೊಬ್ಬ ಮುಂದೆ ಬಂದು ಕೇಳಿದ.

“ಮುಂದಿನ ಸಲ ಎಷ್ಟು, ನೀರುಗಂಟಿ?”

ಗುರುಗಳು ಅಷ್ಟಕ್ಕೆ ಕತೆ ನಿಲ್ಲಿಸಿ ಕಣ್ಣು ಮುಚ್ಚಿದರು. ಸರ್ವಮಂಗಳ ಕಾದರು. ಶಾಖೆಗಳಿಂದ ಈಚೆಗೆ ಬರುತ್ತಿದ್ದ ಒಂದು ಮಾತು ಅವರ ನೆನಪಿಗೆ ಬಂತು. ಸಣ್ಣ ಸಾಲ ಕೇಳಿ ಬರುವವರು ಕಡಿಮೆಯಾಗುತ್ತಿದ್ದಾರೆ ಎಂಬ ಮಾತು ಅದು. ಎತ್ತಿಡುವ ಹಣ ಉಳಿಯಿತೆಂದು ಅದನ್ನು ಅವರು ಒಳ್ಳೆಯ ಸುದ್ದಿ ಎಂದೇ ಇಷ್ಟು ದಿನ ತಿಳಿದಿದ್ದರು. ಕೊನೆಗೆ ಸರ್ವಮಂಗಳ ತಾವೇ ಕೇಳಿದರು.

“ಅವನು ಏನು ಹೇಳಿದ, ಬುದ್ಧಿ?”

“ಅದನ್ನು ನಾಳೆ ನೀವೇ ಹೇಳಬೇಕಲ್ಲವೇ, ತಾಯಿ.”